ಕ್ಯಾಮ್ ಚಕ್ರದ ಎರಡನೆಯ ಚುಕ್ಕಿ

ನಮ್ಮ ಮನೆಯ ಯಾವ ಪಾತ್ರೆಯೂ ಗುರುತಿಲ್ಲದೆ ಹೊಸಿಲು ದಾಟುತ್ತಿರಲಿಲ್ಲ. ಕಲಾಯಿಗೆ ಕೊಡುವ ಹಿತ್ತಾಳೆ ಕೊಳಗವಿರಲಿ, ಮದುವೆ ಮನೆಗೆ ಎರವಲು ಹೋಗುವ ಹಂಡೆಯಿರಲಿ, ಅವ್ವ ಮೊದಲು ಅದನ್ನು ಬೋರಲು ಹಾಕಿ, ಕಂಠದ ಕೆಳಗೆ ಮೊಳೆಯಂಥ ಒಂದು ಉಳಿಯಿಟ್ಟು ಚುಕ್ಕಿ ಹೊಡೆಯುತ್ತಿದ್ದಳು. ಹೆಸರು ಹೊಡೆಸುವುದು ಅವಳಿಗೆ ಸರಿಬರುತ್ತಿರಲಿಲ್ಲ. "ಹೆಸರು ಕಂಡ್ರೆ ಉಜ್ಜಿ ಹಾಕ್ತಾರೆ. ಚುಕ್ಕಿ ಯಾರ ಕಣ್ಣಿಗೂ ಬೀಳಾದಿಲ್ಲ, ನನ್ನ ಕಣ್ಣಿಗೆ ಬಿಟ್ಟು" ಎನ್ನುತ್ತಿದ್ದಳು. ಹಳೆಯ ಪಾತ್ರೆ ಕೊಂಡರೆ ಅದರಲ್ಲಿ ಹಿಂದಿನವರ ಚುಕ್ಕಿ ಇದ್ದೇ ಇರುತ್ತಿತ್ತು. ಅದನ್ನು ಅಳಿಸಬಾರದು, ಅದರ ಪಕ್ಕದಲ್ಲೇ ನಮ್ಮದನ್ನು ಹೊಡೆಯಬೇಕು. ಇದು ಅವಳ ಕಾನೂನು.

ಇಂಥ ಮನೆಯಲ್ಲಿ ಬೆಳೆದವನಿಗೆ ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಯ ತಾಲೀಮು ಸಿಕ್ಕರೆ ಏನಾಗಬೇಕೋ ಅದೇ ನಾನಾದೆ. ಪರವೋ ವಿರೋಧವೋ ಎಂಬುದು ಚೀಟಿ ಎತ್ತಿದ ಮೇಲೆ ಗೊತ್ತಾಗುತ್ತಿತ್ತು. ಆಮೇಲೆ ಎದುರಿನವನ ಮಾತಿನಲ್ಲಿ ಬಿರುಕು ಹುಡುಕುವುದಷ್ಟೇ ಕೆಲಸ. ಎರಡು ಕಪ್ಪು, ಒಂದು ಗೋಡೆ ಗಡಿಯಾರ ಗೆದ್ದೆ. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಬಿಎ ಮುಗಿಸಿ ಹೊನ್ನಾಳಿಗೆ ಹಿಂತಿರುಗಿದಾಗ ಈ ವಿದ್ಯೆಗೆ ಗಿರಾಕಿಗಳಿರಲಿಲ್ಲ. ಶಾಲೆಗಳಿಗೆ ಭೂಪಟ, ಗ್ಲೋಬು, ಕರಿಹಲಗೆಗೆ ಬೇಕಾದ ಮರದ ಕೋನಮಾಪಕ ಮಾರುವ ಕೆಲಸ ಸಿಕ್ಕಿತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ದೂರದ ಜಗಳೂರು ನನ್ನ ಸುತ್ತಿನ ಊರುಗಳು. ಅದಕ್ಕಾಗಿ ಹಿಂದಿನ ದಶಕದ ಒಂದು ಮುನ್ನೂರೈವತ್ತು ಸಿಸಿ ಬೈಕು ಕೊಂಡೆ. ಒಂಟಿ ಸಿಲಿಂಡರು, ಚಾಲೂ ಇಟ್ಟು ನಿಲ್ಲಿಸಿದಾಗ ಭತ್ತ ಕುಟ್ಟುವ ಹದದಲ್ಲಿ ಬಡಿದುಕೊಳ್ಳುತ್ತಿತ್ತು.

ವರ್ಷದೊಳಗೆ ಅದು ನೀಲಿ ಹೊಗೆ ಉಗುಳತೊಡಗಿತು. ಎಂಜಿನ್ ಪೂರ್ತಿ ಬಿಚ್ಚಬೇಕು, ಸವೆದ ಸಿಲಿಂಡರನ್ನು ಕೊರೆಸಿ ಬೋರ್ ಹೊಡೆಸಬೇಕು ಎಂದರು. ಎಲ್ಲರೂ ಬೊಟ್ಟು ಮಾಡಿದ್ದು ನ್ಯಾಮತಿಯ ಒಬ್ಬ ಮೆಕ್ಯಾನಿಕ್ಕಿನ ಕಡೆ. ವಯಸ್ಸಾದ ಸಾಬರು, ಊರಿಗೆಲ್ಲ ಅವರು 'ಮೇಸ್ತ್ರಿ'. ಸಂತೆ ಮೈದಾನದ ಅಂಚಿಗೆ ಅವರ ತಗಡಿನ ಅಂಗಡಿ. ಗಿರಾಕಿಗಳು ಅಲ್ಲಿ ಗಾಡಿ ಬಿಟ್ಟು, ಕೀಲಿಯನ್ನೂ ಬಿಟ್ಟು, ಸಂತೆ ಮಾಡಲು ಹೋಗಿಬಿಡುತ್ತಿದ್ದರು. ನನಗೆ ಅನುಮಾನ ಹುಟ್ಟಿದ್ದೇ ಅಲ್ಲಿ. ಒಬ್ಬನನ್ನು ನೂರು ಜನ ನಂಬಿದರೆ ಅದರಿಂದ ಸಾಬೀತಾಗುವುದು ನೂರು ಜನರ ನಂಬಿಕೆಯೇ ಹೊರತು ಆ ಒಬ್ಬನ ಪ್ರಾಮಾಣಿಕತೆಯಲ್ಲ. ಒಳ್ಳೆಯ ಸಾಮಾನು ತೆಗೆದು ಸವೆದದ್ದನ್ನು ಹಾಕಿಬಿಡುತ್ತಾರೆ ಎಂಬ ಕಥೆ ಆಗ ಪ್ರತಿಯೊಂದು ಚಹಾದಂಗಡಿಯಲ್ಲೂ ಇತ್ತು. ಹೇಳಿದವರಲ್ಲಿ ಯಾರೂ ಕಣ್ಣಾರೆ ಕಂಡವರಲ್ಲ. ಅದನ್ನೂ ನಾನು ಆಗಲೇ ಗಮನಿಸಬೇಕಿತ್ತು, ಗಮನಿಸಲಿಲ್ಲ.

ಬೈಕು ಕೊಡುವ ಹಿಂದಿನ ದಿನ ಅಂಗಳದಲ್ಲಿ ಕೂತು ಎಂಜಿನ್ನಿನ ಬಲಗಡೆಯ ಮುಚ್ಚಳ ಬಿಚ್ಚಿದೆ. ಒಳಗೆ ಎಣ್ಣೆಯಲ್ಲಿ ಮಿಂದ ಹಲ್ಲಿನ ಚಕ್ರಗಳು ಒಂದನ್ನೊಂದು ಕಚ್ಚಿಕೊಂಡಿದ್ದವು. ಅವ್ವ ತನ್ನ ಉಳಿ ತಂದುಕೊಟ್ಟಳು. ಮುಚ್ಚಳದ ಒಳಮೈಗೆ ಒಂದು, ಕಾರ್ಬುರೇಟರಿನ ಬಟ್ಟಲಿಗೆ ಒಂದು ಚುಕ್ಕಿ ಹೊಡೆದೆ. ಕೈಗೆ ಸುಲಭವಾಗಿ ಸಿಕ್ಕಿದ ಒಂದು ಚಕ್ರವನ್ನು ಬಟ್ಟೆಯಿಂದ ಒರೆಸಿದಾಗ ಅಂಚಿನಲ್ಲಿ ಮಸಕಾದ ಒಂದು ಚುಕ್ಕಿ ಕಂಡಿತು.

"ಇದ್ರಾಗೆ ಆಗ್ಲೇ ಯಾರದೋ ಚುಕ್ಕಿ ಐತೆ ಕಣವ್ವ."

"ಹಿಂದಿನೋರದ್ದು. ಇರ್ಲಿ ಬಿಡು, ಪಕ್ಕಕ್ಕೆ ನಮ್ದು ಹೊಡಿ."

ಪಕ್ಕದ ಹಲ್ಲಿನ ಬುಡಕ್ಕೆ ಹೊಡೆದೆ. ಹೊಸ ಚುಕ್ಕಿ ಆಳವಾಗಿ ಬಿದ್ದು ಮಿಂಚಿತು. ಮುಚ್ಚಳ ಹಾಕಿ, ಮರುದಿನ ಬೈಕನ್ನು ನ್ಯಾಮತಿಗೆ ಕೊಟ್ಟುಬಂದೆ. ಗುರುತಿನ ಸಂಗತಿ ಅವ್ವನಿಗೆ, ನನಗೆ ಬಿಟ್ಟು ಮೂರನೆಯವರಿಗೆ ಗೊತ್ತಿರಲಿಲ್ಲ.

ಬೈಕು ವಾಪಸ್ ಬಂದಾಗ ಹೊಗೆ ನಿಂತಿತ್ತು. ಆದರೆ ಗಾಡಿ ಬೇರೆಯದೇ ಆಗಿತ್ತು. ನಿಂತಲ್ಲಿ ಅದರ ಬಡಿತ ಎಡವುತ್ತಿತ್ತು. ಎರಡು ಸರಿ, ಒಂದು ತಪ್ಪು, ಮತ್ತೆ ಒಂದು ಸರಿ, ಆಮೇಲೆ ಸುಮ್ಮನೆ ಆರಿಹೋಗುವುದು. ಹೊನ್ನಾಳಿ ಪೇಟೆಯ ಗಾಡಿ ಎತ್ತುಗಳ ನಡುವೆ ನಾಲ್ಕು ಸಲ ನಿಂತಿತು. ಉಬ್ರಾಣಿ ಕಡೆಯ ಏರಿನಲ್ಲಿ ಗ್ಲೋಬಿನ ಪೆಟ್ಟಿಗೆ ಹೊತ್ತು ನಿಧಾನ ಹತ್ತಬೇಕಾದಾಗ ಕಾರ್ಬುರೇಟರಿನಿಂದ ಸೀನುತ್ತಿತ್ತು. ಆದರೆ ಜಗಳೂರಿನಿಂದ ಸೊಕ್ಕೆಗೆ ಹೋಗುವ ನೇರ ರಸ್ತೆಯಲ್ಲಿ ಆಕ್ಸಿಲರೇಟರಿನ ಕಿವಿ ಹಿಂಡಿದರೆ ಹಿಂದೆಂದೂ ಇಲ್ಲದ ಎಳೆತ! ಬೆನ್ನಿಗೆ ಯಾರೋ ಕೈಯಿಟ್ಟು ನೂಕಿದಂತೆ. ಕೆಟ್ಟ ಗಾಡಿ ಎಲ್ಲ ಕಡೆಯೂ ಕೆಟ್ಟಿರಬೇಕಲ್ಲ? ಇದು ಕೆಲವು ಕಡೆ ಮಾತ್ರ ಕೆಟ್ಟಿದೆ ಎಂದರೆ ಒಳಗೆ ಏನೋ ಬದಲಾಗಿದೆ ಎಂದೇ ನನ್ನ ತರ್ಕ. ಜಗಳೂರಿನಲ್ಲಿ ಒಬ್ಬ ಲಾರಿ ಡ್ರೈವರು ಕಿವಿಗೊಟ್ಟು ಕೇಳಿ, "ಇದ್ರ ಕ್ಯಾಮೇ ಬ್ಯಾರೆ ಇದ್ದಂಗೈತಲ್ರೀ, ರೇಸ್ ಗಾಡಿ ಸದ್ದು ಇದು" ಎಂದ. ಕ್ಯಾಮ್ ಎಂದರೆ ಬಲಗಡೆಯ ಮುಚ್ಚಳದೊಳಗೆ ನಾನು ಚುಕ್ಕಿ ಹೊಡೆದಿದ್ದ ಚಕ್ರದ ಜಾತಿಯದೇ. ನನಗೆ ಬೇಕಾದದ್ದು ಅಷ್ಟೇ.

ನೇರ ನ್ಯಾಮತಿಗೆ ಹೋದೆ. ಸಂತೆಯ ದಿನ. ಮೇಸ್ತ್ರಿ ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದರು. ಪಕ್ಕದ ಬೆಂಚಿನಲ್ಲಿ ಅಡಿಕೆ ವ್ಯಾಪಾರದ ಒಬ್ಬ ಸಾಹುಕಾರರು, ಅವರ ಜೀಪು ನೋಡಿಕೊಳ್ಳುತ್ತಿದ್ದುದೂ ಮೇಸ್ತ್ರಿಯೇ. ಬಾಗಿಲಲ್ಲೇ ನಿಂತು ಕೇಳಿದೆ:

"ನನ್ನ ಗಾಡಿ ಕ್ಯಾಮ್ ಯಾರ ಗಾಡಿಗೆ ಹೋಯ್ತು ಮೇಸ್ತ್ರಿ?"

ಅವರು ಲೋಟ ಕೆಳಗಿಟ್ಟರು. "ಏನಾಗೈತೆ ಅಂತ ಮೊದ್ಲು ಹೇಳ್ರಿ."

"ನಿಂತಲ್ಲಿ ಸಾಯ್ತೈತೆ, ಓಡುವಾಗ ಹಾರ್ತೈತೆ. ನಾನು ಕೊಟ್ಟಿದ್ದು ಈ ಎಂಜಿನ್ ಅಲ್ಲ."

"ಗಾಡಿ ಬಿಟ್ಟೋಗ್ರಿ. ಬಿಚ್ಚಿ ನೋಡ್ತೀನಿ."

"ಬಿಟ್ಟೋದ್ರೆ ನೋಡಾಕೋ, ತೆಗ್ದಿದ್ದನ್ನ ವಾಪಸ್ ಹಾಕಾಕೋ?"

ಹೋಟೆಲು ಗೊಳ್ಳೆಂದು ನಕ್ಕಿತು. ಮೇಸ್ತ್ರಿ ನಗಲಿಲ್ಲ. ಅವರು ಬಿಡಿ ಎಂದರೂ ಸಿಕ್ಕಿಬೀಳುವಂಥ, ಬೇಡ ಎಂದರೂ ಸಿಕ್ಕಿಬೀಳುವಂಥ ಪ್ರಶ್ನೆ ಅದು. ಸ್ಪರ್ಧೆಯಲ್ಲಿ ಇಂಥದ್ದಕ್ಕೇ ತೀರ್ಪುಗಾರರು ತಲೆದೂಗುತ್ತಿದ್ದರು. ಸಾಹುಕಾರರು ನನ್ನನ್ನೊಮ್ಮೆ, ತಮ್ಮ ಜೀಪನ್ನೊಮ್ಮೆ ನೋಡಿದರು.

ಚುಕ್ಕಿ ಹೊಡೆದಿದ್ದೆಯಲ್ಲ, ಮನೆಯಲ್ಲೇ ಮುಚ್ಚಳ ಬಿಚ್ಚಿ ನೋಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕೇಳಲೇಬೇಕು. ತುರುಪಿನ ಎಲೆಯನ್ನು ಎದುರಾಳಿಯ ಮುಂದೆ, ಸಭೆಯ ಮುಂದೆ ಇಳಿಸಬೇಕು ಎಂಬುದು ನನ್ನ ಉತ್ತರವಾಗಿತ್ತು. ನಿಜವಾದ ಉತ್ತರ ಬೇರೆ: ಚುಕ್ಕಿ ಅಲ್ಲಿರುವುದಿಲ್ಲ ಎಂದು ನನಗೆ ಎಷ್ಟು ಖಾತ್ರಿಯಿತ್ತೆಂದರೆ, ನೋಡುವುದು ವ್ಯರ್ಥ ಎನ್ನಿಸಿತ್ತು. ಸಾಕ್ಷಿ ಕರೆಯುವ ಮೊದಲೇ ವಾದ ಮುಗಿಸಿದ್ದೆ.

ಆ ತಿಂಗಳು ನನ್ನ ಸುತ್ತಿನಲ್ಲಿ ಭೂಪಟಕ್ಕಿಂತ ಈ ಕಥೆಯೇ ಹೆಚ್ಚು ಖರ್ಚಾಯಿತು. ಚನ್ನಗಿರಿಯ ಒಂದು ಶಾಲೆಯ ಮೇಷ್ಟರುಗಳ ಕೋಣೆಯಲ್ಲಿ ಹೇಳಿದೆ. ಸೂಳೆಕೆರೆ ಏರಿಯ ಮೇಲೆ ಮೀನು ತೂಗುವವರ ಹತ್ತಿರ ಗಾಡಿ ಆರಿದಾಗ ಅಲ್ಲಿಯೂ ಹೇಳಿದೆ. ಗಾಡಿ ನಿಂತಾಗಲೆಲ್ಲ ಕಾರಣ ಹೇಳಬೇಕಿತ್ತು. ಗಾಡಿಯೋ ಎಲ್ಲೆಂದರಲ್ಲಿ ನಿಲ್ಲುತ್ತಿತ್ತು.

ಮುಂದಿನ ತಿಂಗಳು ನ್ಯಾಮತಿ ಶಾಲೆಗೆ ಹೋದಾಗ ಮೇಸ್ತ್ರಿ ಗೇಟಿನ ಹತ್ತಿರ ಕಾದಿದ್ದರು. ಅಂಗಿ ಶುಭ್ರವಾಗಿತ್ತು. ಮೆಕ್ಯಾನಿಕ್ಕಿನ ಅಂಗಿ ಶುಭ್ರವಾಗಿರುವುದು ಒಳ್ಳೆಯ ಲಕ್ಷಣವಲ್ಲ.

"ಸಾಹುಕಾರ್ರ ಜೀಪು ರಿಪೇರಿಗೆ ಚನ್ನಗಿರಿ ಮೆಕ್ಯಾನಿಕ್ಕಿನ ಹತ್ರ ಹೋಯ್ತು. ಅದ್ರ ಹಿಂದೆ ಉಳಿದೋವೂ ಹೋದ್ವು" ಎಂದರು. ಬೈಗುಳವಿರಲಿಲ್ಲ, ವರದಿ ಕೊಟ್ಟಂತಿತ್ತು. "ಬರೋ ಸಂತೆ ದಿನ ಎಲ್ಲರ ಮುಂದೆ ಬಿಚ್ಚೋಣ. ಸಾಮಾನು ಬದಲಾಗಿದ್ರೆ ಅಂಗಡಿ ಬೀಗ ನಿಮ್ಮ ಕೈಗೆ. ಆಗಿಲ್ಲಾಂದ್ರೆ ನೀವು ಎಲ್ಲೆಲ್ಲಿ ಹೇಳ್ಕೊಂಡು ಬಂದ್ರೋ, ಅಲ್ಲಲ್ಲೇ ಹೋಗಿ ತಪ್ಪು ಅಂತ ಹೇಳ್ಬೇಕು. ಒಪ್ಪಿಗೇನಾ?"

"ಒಪ್ಪಿಗೆ."

"ಬರುವಾಗ ಆ ಕರಿಹಲಗೆ ಕೋನಮಾಪಕ ಎರಡು ತರ್ರಿ. ಬಾಡಿಗೆ ಕೊಡಾಕಿಲ್ಲ ಮತ್ತೆ."

ಸಂತೆಯ ದಿನ ಅಂಗಡಿಯ ಮುಂದೆ ಹದಿನೈದು ಇಪ್ಪತ್ತು ಜನ ಸೇರಿದ್ದರು. ಸಾಹುಕಾರರಿಗೆ ಬೆಂಚು ಬಂತು. ಮೇಸ್ತ್ರಿ ಎಂಜಿನ್ನಿನ ಎಡಗಡೆ ಬಿಚ್ಚಿ, ನನ್ನ ಎರಡು ಅರ್ಧವೃತ್ತದ ಕೋನಮಾಪಕಗಳನ್ನು ಜೋಡಿಸಿ ಪೂರ್ತಿ ಚಕ್ರ ಮಾಡಿ, ಪಿಸ್ಟನ್ನಿನ ಜೊತೆ ತಿರುಗುವ ದಂಡಕ್ಕೆ ಬಿಗಿದರು. ಒಂದು ತಂತಿಯನ್ನು ಮುಳ್ಳಿನ ಹಾಗೆ ಬಗ್ಗಿಸಿ ನಿಲ್ಲಿಸಿದರು. ಪ್ಲಗ್ಗಿನ ತೂತಿನಲ್ಲಿ ಸೈಕಲ್ ಕಡ್ಡಿಯೊಂದನ್ನು ಇಳಿಬಿಟ್ಟು ಪಿಸ್ಟನ್ ತುತ್ತತುದಿಗೆ ಬರುವ ಜಾಗ ಹಿಡಿದರು.

ನಾನು ಸುಮ್ಮನಿರುವವನೇ? "ಇದೆಲ್ಲ ಯಾತಕ್ಕೆ? ಬಲಗಡೆ ಮುಚ್ಚಳ ಬಿಚ್ಚಿ ಕ್ಯಾಮ್ ತೋರಿಸಿದ್ರೆ ಮುಗೀತು."

"ಬಿಚ್ಚಿದ ಮೇಲೆ ನಾನೇ ಜರುಗಿಸ್ದೆ ಅಂತೀರಲ್ಲ, ಅದಕ್ಕೇ ಮೊದ್ಲು ಅಳತೆ. ನೀವೇ ಓದ್ರಿ, ನೀವೇ ಬರಕೊಳ್ರಿ." ನಂತರ ಬೆಂಚಿನ ಕಡೆ ತಿರುಗಿ ಎಲ್ಲರಿಗೂ ಕೇಳುವಂತೆ ಹೇಳಿದರು: "ಎಂಜಿನ್ನಿಗೆ ಎರಡು ಬಾಗ್ಲು. ಒಂದು ಗಾಳಿ ಪೆಟ್ರೋಲು ಒಳಕ್ಕೆ ಬರಾಕೆ, ಒಂದು ಹೊಗೆ ಹೊರಕ್ಕೆ ಹೋಗಾಕೆ. ಬಾಗ್ಲು ತೆಗೆಯೋದು ಕ್ಯಾಮ್. ಚಕ್ರಕ್ಕೆ ಮೊಟ್ಟೆ ಮೂತಿ ಹಂಗೆ ಒಂದು ಉಬ್ಬು. ಈ ಬಾಗಿಲಿನ ಉಬ್ಬಿಗೂ ಆ ಬಾಗಿಲಿನ ಉಬ್ಬಿಗೂ ನಡುವೆ ಎಷ್ಟು ಡಿಗ್ರಿ ದೂರ ಐತೆ, ಅದ್ರ ಮೇಲೆ ಗಾಡಿ ನಡತೆ."

"ದೂರ ಕಮ್ಮಿ ಆದ್ರೆ?" ಸಾಹುಕಾರರು ಕೇಳಿದರು.

"ಹೊಗೆ ಬಾಗ್ಲು ಮುಚ್ಚೋ ಮುಂಚೆ ಗಾಳಿ ಬಾಗ್ಲು ತೆಗೀತದೆ. ಎರಡೂ ಒಟ್ಟಿಗೆ ತೆರೆದಿರೋ ಗಳಿಗೆ ಜಾಸ್ತಿ. ನಿಧಾನ ನಡೆಯುವಾಗ ಹೊಗೆ ವಾಪಸ್ ಒಳಗೆ ನುಗ್ಗಿ ಉಸಿರು ಕಟ್ತದೆ. ಗಾಡಿ ಕುಂಟ್ತದೆ, ಸೀನ್ತದೆ, ಆರ್ತದೆ. ಜೋರಾಗಿ ಓಡುವಾಗ ಅದೇ ಹೊಗೆ ಹೊರಗೆ ಹೋಗೋ ರಭಸಕ್ಕೆ ಹೊಸ ಗಾಳೀನ ಎಳಕೊಂಡು ಬರ್ತದೆ. ಆಗ ಎಳೆತ ಜಾಸ್ತಿ."

"ಜಾಸ್ತಿ ಆದ್ರೆ?"

"ಬೆಕ್ಕು ನಿದ್ದೆ ಮಾಡಿದಂಗೆ ನಿಂತಿರ್ತದೆ. ಜೋರು ಕೇಳಿದ್ರೆ ಮಾತ್ರ ಆಕಳಿಸ್ತದೆ."

"ಹಂಗಾದ್ರೆ ಯಾವುದು ಸರಿ?" ನಾನು ಹಿಡಿದೆ. "ಅದೂ ಸರಿ ಇದೂ ಸರಿ ಅಂದ್ರೆ ಅದು ಉತ್ತರ ಅಲ್ಲ."

"ಯಾವ ರಸ್ತೆ ಅಂತ ಹೇಳ್ರಿ, ಯಾವುದು ಸರಿ ಅಂತ ಹೇಳ್ತೀನಿ. ಸೊಕ್ಕೆ ರಸ್ತೇಲಿ ಹುಟ್ಟಿ ಸೊಕ್ಕೆ ರಸ್ತೇಲೇ ಸಾಯೋ ಗಾಡಿಗೆ ಇದೇ ಇರ್ಲಿ. ಸಂತೇಲಿ ನಿಂತು ಏರು ಹತ್ತೋ ಗಾಡಿಗೆ ಕಂಪನಿಯೋರು ನೂರೆಂಟು ಡಿಗ್ರಿ ಇಟ್ಟವ್ರೆ."

ನೂರೆಂಟು! ನನ್ನ ಕಿವಿ ನಿಮಿರಿತು. ಜಪಮಣಿಯ ಲೆಕ್ಕ, ಗುಡಿಯ ಪ್ರದಕ್ಷಿಣೆಯ ಲೆಕ್ಕ ಎಂಜಿನ್ನಿನೊಳಗೆ ಹೇಗೆ ಬಂತು? ಜನರಿಗೆ ಹಿಡಿಸುವ ಸಂಖ್ಯೆ ಹೇಳಿ ದಾರಿ ತಪ್ಪಿಸುತ್ತಿದ್ದಾರೆ ಎನ್ನಿಸಿತು. ಆಧಾರ ಕೇಳಿದೆ. ಗ್ರೀಸು ಮೆತ್ತಿದ ಒಂದು ಪುಸ್ತಕದ ಹಾಳೆ ತೋರಿಸಿದರು. ಅದರಲ್ಲಿದ್ದದ್ದು ಎರಡು ಬಾಗಿಲುಗಳೂ ತೆರೆಯುವ, ಮುಚ್ಚುವ ಡಿಗ್ರಿಗಳು ಮಾತ್ರ. ಬಿಲ್ ಪುಸ್ತಕದ ಹಿಂದೆ ಲೆಕ್ಕ ಹಾಕಿದೆ. ಗಾಳಿಯ ಉಬ್ಬಿನ ನಡುಬಿಂದು ಪಿಸ್ಟನ್ ತುದಿಗೆ ಬಂದ ಮೇಲೆ ನೂರೈದಕ್ಕೆ. ಹೊಗೆಯ ಉಬ್ಬಿನದು ತುದಿಗೆ ಬರುವ ಮೊದಲು ನೂರಾಹತ್ತಕ್ಕೆ. ಕ್ಯಾಮ್ ತಿರುಗುವುದು ದಂಡದ ಅರ್ಧ ವೇಗದಲ್ಲಿ, ಆದ್ದರಿಂದ ಮೊತ್ತದ ಅರ್ಧ.

"ನೂರೆಂಟಲ್ಲ, ನೂರೇಳೂವರೆ" ಎಂದೆ.

"ಆ ಅರ್ಧ ನಿಮಗೇ ಇರ್ಲಿ" ಎಂದರು ಮೇಸ್ತ್ರಿ. ಈ ಸಲ ಜನ ನಕ್ಕದ್ದು ನನ್ನನ್ನು ನೋಡಿ.

ಆಮೇಲೆ ನಮ್ಮ ಎಂಜಿನ್ನಿನ ಅಳತೆ. ಅವರು ದಂಡ ನಿಧಾನ ತಿರುಗಿಸಿದರು, ನಾನು ಓದಿದೆ, ಬರೆದೆ. ನಂಬಿಕೆ ಬಾರದೆ ಎರಡನೆಯ ಸಲವೂ ಓದಿದೆ. ಗಾಳಿಯ ಉಬ್ಬು ಪುಸ್ತಕದಲ್ಲಿದ್ದ ಹಾಗೆಯೇ ನೂರೈದಕ್ಕೆ ಇತ್ತು. ಹೊಗೆಯ ಉಬ್ಬು ನೂರಾಹತ್ತರ ಬದಲು ತೊಂಬತ್ತೆರಡಕ್ಕೆ. ಎರಡರ ನಡುವಿನ ಅಂತರ ತೊಂಬತ್ತೆಂಟೂವರೆ. ಒಂಬತ್ತು ಡಿಗ್ರಿ ಮಾಯವಾಗಿತ್ತು.

"ನೋಡ್ರಿ, ಕ್ಯಾಮೇ ಬೇರೆ!" ಎಂದು ಬೆಂಚಿನ ಕಡೆ ತಿರುಗಿದೆ.

ಮೇಸ್ತ್ರಿ ನನ್ನ ಬರಹದ ಮೇಲೆ ಬೆರಳಿಟ್ಟರು. "ಬಾಗ್ಲು ಒಟ್ಟು ಎಷ್ಟು ಹೊತ್ತು ತೆರೆದೈತೆ, ಅದನ್ನ ಕೂಡ್ರಿ." ಕೂಡಿದೆ. ಪುಸ್ತಕದಲ್ಲಿದ್ದಷ್ಟೇ ಇತ್ತು, ಒಂದು ಡಿಗ್ರಿಯೂ ವ್ಯತ್ಯಾಸವಿಲ್ಲ. "ಉಬ್ಬು ಅದೇ. ಕೂತ ಜಾಗ ಬ್ಯಾರೆ. ಚಕ್ರಕ್ಕೆ ನಲವತ್ತು ಹಲ್ಲು. ಒಂದು ಹಲ್ಲಿಗೆ ಎಷ್ಟು ಡಿಗ್ರಿ?"

ಮುನ್ನೂರ ಅರವತ್ತನ್ನು ನಲವತ್ತರಿಂದ ಭಾಗಿಸುವುದಕ್ಕೆ ಬಿಎ ಬೇಕಿಲ್ಲ. ಒಂಬತ್ತು.

"ಒಂದು ಹಲ್ಲು ಜರುಗೈತೆ" ಎಂದು ಅವರು ತಮಗೇ ಹೇಳಿಕೊಂಡರು. "ಸಾಹುಕಾರ್ರ ಜೀಪಿನಾಗಾದ್ರೆ ಉಬ್ಬುಗಳೆಲ್ಲ ಒಂದೇ ದಂಡದಾಗೆ ಕೊರೆದಿರ್ತವೆ, ಅವುಗಳ ನಡುವಿನ ದೂರ ಹುಟ್ಟಿನಿಂದ ಬಂದಿದ್ದು. ಇದ್ರಲ್ಲಿ ಎರಡು ಬ್ಯಾರೆ ಬ್ಯಾರೆ ಚಕ್ರ. ಕೂರಿಸೋನು ಒಂದು ಹಲ್ಲು ತಪ್ಪಿದ್ರೆ ದೂರವೇ ತಪ್ತದೆ. ಕೂರಿಸ್ದೋನು ನಾನೇ." ಅವರ ದನಿ ಇಳಿದಿತ್ತು. "ಚುಕ್ಕಿಗೆ ಚುಕ್ಕಿ ಸೇರ್ಸಿದ್ನಲ್ಲ... ಹೆಂಗೆ ತಪ್ತು?"

ಚುಕ್ಕಿ ಎಂಬ ಮಾತು ಕೇಳಿ ನಾನು ಬಿಲ್ ಪುಸ್ತಕ ಮಡಚಿ ಜೇಬಿಗಿಟ್ಟೆ.

ಬಲಗಡೆ ಮುಚ್ಚಳ ಬಿಚ್ಚಿದರು. ಮುಚ್ಚಳದ ಒಳಮೈಯಲ್ಲಿ ನನ್ನ ಚುಕ್ಕಿ ಇತ್ತು. ಹೊಗೆಯ ಕ್ಯಾಮಿನ ಚಕ್ರವನ್ನು ಒರೆಸಿ, ಕಣ್ಣಿನ ಹತ್ತಿರ ತಂದು, ದೂರ ಹಿಡಿದು, ಮತ್ತೆ ಹತ್ತಿರ ತಂದರು. ಕಣ್ಣಿನ ಪೊರೆ ಶುರುವಾಗಿದ್ದವರು ನೋಡುವ ರೀತಿ.

"ಎರಡು ಚುಕ್ಕಿ" ಎಂದರು. "ಈ ಮಸಕು ಚುಕ್ಕಿ ಕಂಪನೀದು. ಚಕ್ರ ಕೂರಿಸೋವಾಗ ಈ ಚಕ್ರದ ಚುಕ್ಕಿ, ಪಕ್ಕದ ಚಕ್ರದ ಚುಕ್ಕಿ, ಎದುರುಬದುರು ಬರ್ಬೇಕು. ನಾನು ಹೊಳೆಯೋದನ್ನ ಹಿಡ್ಕೊಂಡು ಕೂರ್ಸಿದೀನಿ. ಇದು ಎಲ್ಲಿಂದ ಬಂತು?"

ಹಿಂದಿನವರದ್ದು ಎಂದು ಅವ್ವ ಹೇಳಿದ್ದ ಚುಕ್ಕಿ ಯಾರ ಒಡೆತನದ ಗುರುತೂ ಆಗಿರಲಿಲ್ಲ. ಅದು ಎಂಜಿನ್ನಿನ ಉಸಿರಾಟದ ಗುರುತು. ಅದರ ಪಕ್ಕದಲ್ಲಿ, ಸರಿಯಾಗಿ ಒಂದು ಹಲ್ಲಿನಾಚೆ, ನಾನು ನಮ್ಮ ಮನೆಯ ಹಂಡೆಗೆ ಹೊಡೆದಂತೆ ಹೊಡೆದಿದ್ದೆ.

ಸಾಹುಕಾರರು ಬೆಂಚಿನಿಂದ ಎದ್ದರು. "ಇನ್ಯಾರು ಹೊಡೀತಾರೆ ಮೇಸ್ತ್ರಿ? ಗಾಡಿ ನಿಮ್ಮ ಹತ್ರ ಇತ್ತು. ಯಾವುದೋ ಹಳೇ ಗಾಡಿ ಚಕ್ರ ತಂದು, ಕೂರ್ಸಾಕೆ ಗುರ್ತು ಸಿಗದೆ ನೀವೇ ಒಂದು ಹೊಡ್ಕೊಂಡಿದೀರಿ. ಉಬ್ಬು ಅದೇ ಅಂದ್ರೇನು, ಅದೇ ಕಂಪನಿ ಗಾಡಿ ಊರ ತುಂಬ ಅವೆಯಲ್ಲ."

ವಾದವೆಂದರೆ ಇದು. ನನ್ನ ಪರವಾಗಿ, ನನಗಿಂತ ಚೆನ್ನಾಗಿ. ಜನ ಹೌದಲ್ಲ ಎಂದು ಗೊಣಗಿದರು. ಮೇಸ್ತ್ರಿ ಎರಡೂ ಚುಕ್ಕಿಗಳ ಮೇಲೆ ಹೆಬ್ಬೆರಳು ಆಡಿಸಿದರು. ಚಕ್ರವನ್ನು ಹಿಡಿದುಕೊಂಡೇ ಇದ್ದರು. ಇಷ್ಟು ದಿನ ಕದ್ದವನು ಹೀಗೇ ನಿಲ್ಲುತ್ತಾನೆ ಎಂದು ನಾನು ಊಹಿಸಿಕೊಂಡಿದ್ದೆನಲ್ಲ, ಹಾಗೆಯೇ ನಿಂತಿದ್ದರು. ಕದಿಯದವನೂ ಹೀಗೇ ನಿಲ್ಲುತ್ತಾನೆ ಎಂಬುದು ನನ್ನ ಯಾವ ಚೀಟಿಯಲ್ಲೂ ಬಂದಿರಲಿಲ್ಲ.

ನನಗೆ ಲೆಕ್ಕ ಸ್ಪಷ್ಟವಿತ್ತು. ಆ ಚುಕ್ಕಿ ಗಾಡಿಯನ್ನು ಕೆಡಿಸಿತ್ತು. ಚಕ್ರ ಬದಲಾಗಿಲ್ಲ ಎಂಬುದಕ್ಕೆ ಈ ಭೂಮಿಯ ಮೇಲೆ ಇದ್ದ ಒಂದೇ ಸಾಕ್ಷಿಯೂ ಅದೇ ಚುಕ್ಕಿ. ಸಾಕ್ಷಿ ಮಾತಾಡಬೇಕಾದರೆ ಅದನ್ನು ಹೊಡೆದವನು ಮಾತಾಡಬೇಕು. ನಾನು ಸುಮ್ಮನಿದ್ದರೆ ಗೆದ್ದಿದ್ದೆ. ಅಂಗಡಿಯ ಬೀಗ ನನ್ನ ಕೈಗೆ ಬರುತ್ತಿತ್ತು. ಎಷ್ಟು ಹೊತ್ತು ಸುಮ್ಮನಿದ್ದೆ? ಒಬ್ಬ ಬೀಡಿ ಹಚ್ಚಿಕೊಂಡು ಕಡ್ಡಿ ಬಿಸಾಡುವಷ್ಟು ಹೊತ್ತು. ಅಷ್ಟು ಹೊತ್ತೂ ಸುಮ್ಮನಿದ್ದೆನಲ್ಲ ಎಂಬುದು ಇವತ್ತಿಗೂ ನನ್ನ ಮೇಲೆ ನನಗಿರುವ ಅನುಮಾನ.

"ಅದು ನಮ್ದು" ಎಂದೆ.

"ಏನು ನಿಮ್ದು?" ಸಾಹುಕಾರರು.

"ಚುಕ್ಕಿ. ಗಾಡಿ ಕೊಡೋ ಹಿಂದಿನ ದಿನ ನಾನೇ ಹೊಡ್ದೆ. ಕಲಾಯಿಗೆ ಕೊಡೋ ಹಂಡೆಗೆ ನಮ್ಮವ್ವ ಹೊಡಿಯೋ ಹಂಗೆ, ಸಾಮಾನು ಬದಲಾದ್ರೆ ಗೊತ್ತಾಗ್ಲಿ ಅಂತ. ಮುಚ್ಚಳದ ಒಳಗೊಂದು ಐತೆ, ಕಾರ್ಬುರೇಟರಿನ ಬಟ್ಟಲಿಗೊಂದು ಐತೆ, ನೋಡ್ರಿ. ಯಾವುದೂ ಬದಲಾಗಿಲ್ಲ. ಕೆಡಿಸ್ದೋನು ನಾನು."

ಬಟ್ಟಲು ಬಿಚ್ಚಿ ನೋಡಿದರು. ಇತ್ತು. ಸಾಹುಕಾರರು "ಓಹೋ" ಎಂದು ಕೂತರು. ಯಾರೋ ಹಿಂದಿನಿಂದ, "ಎಂಜಿನ್ನಿಗೂ ಕಲಾಯಿ ಮಾಡ್ಸಾಕೆ ಕೊಟ್ಟಿದ್ರೇನ್ರೀ?" ಎಂದರು. ನಗು ಸಂತೆಯವರೆಗೂ ಹೋಯಿತು.

ಮೇಸ್ತ್ರಿ ನಗಲಿಲ್ಲ. "ತಪ್ಪು ನಂದೂ ಐತೆ. ಎರಡು ಚುಕ್ಕಿ ಇದ್ರೆ ಎರಡೂ ಕಾಣ್ಬೇಕಿತ್ತು" ಎಂದರು. ಚಕ್ರವನ್ನು ಒಂದು ಹಲ್ಲು ಹಿಂದಕ್ಕೆ ಕೂರಿಸಿ ಮತ್ತೆ ಅಳೆಸಿದರು. ನೂರೇಳೂವರೆ. ಕಿಕ್ ಹೊಡೆದಾಗ ಭತ್ತ ಕುಟ್ಟುವ ಸದ್ದು ವಾಪಸ್ ಬಂತು. ನನ್ನ ಚುಕ್ಕಿಯನ್ನು ಅರದಿಂದ ಉಜ್ಜಿಬಿಡಿ ಎಂದೆ. "ಬ್ಯಾಡ" ಎಂದು ಅದರ ಮೇಲೊಂದು ಅಡ್ಡಗೀಟು ಮಾತ್ರ ಎಳೆದರು. "ಅಮ್ಮೋರಿಗೆ ಹೇಳ್ರಿ, ಹಂಡೆಗೆ ಎಷ್ಟಾದ್ರೂ ಹೊಡೀಲಿ."

ಮಾತಿನಂತೆ ಎಲ್ಲ ಕಡೆ ಹೋಗಿ ಹೇಳಿದೆ. ಚನ್ನಗಿರಿಯ ಮೇಷ್ಟರುಗಳ ಕೋಣೆಯಲ್ಲಿ, ಆರೋಪವನ್ನು ಹನ್ನೊಂದು ಜನ ಕೇಳಿದ್ದ ಜಾಗದಲ್ಲಿ, ತಪ್ಪೊಪ್ಪಿಗೆ ಕೇಳಿದವರು ಇಬ್ಬರು. ಅವರಲ್ಲೊಬ್ಬರು ಉತ್ತರ ಪತ್ರಿಕೆ ತಿದ್ದುತ್ತಿದ್ದರು. ಸೂಳೆಕೆರೆಯಲ್ಲಿ ಗಾಡಿ ಆರದೆ ನಿಂತಿದ್ದರಿಂದ ಯಾರೂ ಕಾರಣ ಕೇಳಲಿಲ್ಲ, ನಾನೇ ಕರೆದು ಹೇಳಬೇಕಾಯಿತು. "ಸರಿ ಆತಲ್ಲ, ಬಿಡ್ರಿ" ಎಂದರು. ಜಗಳೂರಿನ ಲಾರಿ ಡ್ರೈವರು ಪೂರ್ತಿ ಕೇಳಿ, "ಮೊದ್ಲೇ ಚಲೋ ಹಾರ್ತಿತ್ತಲ್ರೀ" ಎಂದು ಮರುಗಿದ. ಅನುಮಾನ ಎಷ್ಟು ಬೇಗ ಊರಿಂದೂರಿಗೆ ಓಡಿತ್ತೋ, ಅದರ ತಿದ್ದುಪಡಿ ಅಷ್ಟೇ ನಿಧಾನವಾಗಿ, ನಿಂತಲ್ಲಿ ಆರುತ್ತ ಆರುತ್ತ ನಡೆಯಿತು.

ಕೆಲವು ತಿಂಗಳ ಮೇಲೆ ನ್ಯಾಮತಿಗೆ ಹೋದಾಗ ಸಾಹುಕಾರರ ಜೀಪು ಮೇಸ್ತ್ರಿಯ ಅಂಗಡಿಯ ಮುಂದೆ ನಿಂತಿತ್ತು. ಬಾನೆಟ್ಟು ತೆರೆದಿತ್ತು. ಸಾಹುಕಾರರು ಅದರ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು, ಬಿಚ್ಚಿದ ಪ್ರತಿಯೊಂದು ಸಾಮಾನನ್ನೂ ಕಣ್ಣಲ್ಲೇ ತೂಗುತ್ತ ಕೂತಿದ್ದರು. ಇನ್ನೂ ಇಬ್ಬರು ಗಿರಾಕಿಗಳು ಎಣ್ಣೆ ಡಬ್ಬಗಳ ಮೇಲೆ ಹಾಗೆಯೇ ಕೂತಿದ್ದರು. ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದರು.

"ಮೊದ್ಲು ಗಾಡಿ ಬಿಟ್ಟು ಸಂತೆಗೆ ಹೋಗೋರು" ಎಂದರು ಮೆಲ್ಲಗೆ. "ಈಗ ಎಲ್ರೂ ಕುರ್ಚಿ ಕೇಳ್ತಾರೆ."

ನನ್ನ ಬೈಕಿನ ವಾಲ್ವ್, ಅಂದರೆ ಆ ಎರಡು ಬಾಗಿಲುಗಳನ್ನು, ಉಜ್ಜಿಸಬೇಕಿತ್ತು. ಎಂಜಿನ್ನಿನ ತಲೆ ಬಿಚ್ಚುವ, ಎರಡು ದಿನದ ಕೆಲಸ. ಕೀಲಿಯನ್ನು ಅವರ ಕೈಗಿಟ್ಟೆ.

"ಕೂರಲ್ವೇನ್ರೀ?" ಸಾಹುಕಾರರು ಕುರ್ಚಿಯಿಂದಲೇ ಕೇಳಿದರು. "ಎಷ್ಟಾದ್ರೂ ಸಾಮಾನಿನ ವಿಷ್ಯ."

"ಇಲ್ಲ, ಚನ್ನಗಿರಿ ಬಸ್ಸಿಗೆ ಹೊತ್ತಾಯ್ತು" ಎಂದು, ಅವರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿ, ಗ್ಲೋಬಿನ ಪೆಟ್ಟಿಗೆ ಹೆಗಲಿಗೇರಿಸಿಕೊಂಡು ಹೊರಟೆ.